ಮುಚ್ಚಿದ ತಂತ್ರಾಂಶಕ್ಕೆ ದಾರಿ ತೋರುವ ಕೆಲಸ

ಚಲನಚಿತ್ರಗಳ ಸಂಕಲನಕ್ಕೂ ವರ್ಣಸಂಸ್ಕಾರಕ್ಕೂ ಜಗತ್ತಿನ ಅನೇಕ ಸ್ಟುಡಿಯೋಗಳಲ್ಲಿ ಬಳಕೆಯಾಗುವ ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶಕ್ಕೆ ಲಿನಕ್ಸ್ ಆವೃತ್ತಿಯೂ ಒಂದುಂಟು. ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಸಂಸ್ಥೆಯವರು ಅದನ್ನು ಸಿದ್ಧಪಡಿಸುವುದು, ವರ್ಷಾನುಗಟ್ಟಲೆ ಬದಲಾಗದೆ ಉಳಿಯುವುದನ್ನೇ ತನ್ನ ಗುಣವನ್ನಾಗಿ ಮಾಡಿಕೊಂಡ ರಾಕಿ ಲಿನಕ್ಸ್ ವ್ಯವಸ್ಥೆಗಾಗಿ; ಬಳಸಬಯಸುವವರಾದರೋ ಆರ್ಚ್, ಫೆಡೋರಾ, ಉಬುಂಟು ಮುಂತಾದ, ಬೇಗಬೇಗನೆ ಹೊಸತನ್ನು ಸ್ವೀಕರಿಸುವ ವ್ಯವಸ್ಥೆಗಳಲ್ಲಿಯೂ ಇದ್ದಾರೆ. 2023ರ ಮಾರ್ಚ್ ತಿಂಗಳಲ್ಲಿ ಜಿಲಿಬ್ ಎಂಬ ಮೂಲಭೂತ ಲೈಬ್ರರಿಯ 2.76ನೆಯ ಆವೃತ್ತಿ ಪ್ರಕಟವಾಗಿ, ಅದನ್ನು ಅವಲಂಬಿಸಿದ ಇತರ ಲೈಬ್ರರಿಗಳು ಅದರ ನೂತನ ಸೌಲಭ್ಯಗಳನ್ನು ಉಪಯೋಗಿಸಿಕೊಳ್ಳತೊಡಗಿದ ಮೇಲೆ, ಅದುವರೆಗೆ ಸುಸೂತ್ರವಾಗಿ ನಡೆಯುತ್ತಿದ್ದ ಈ ತಂತ್ರಾಂಶವು ಹೊಸ ವ್ಯವಸ್ಥೆಗಳಲ್ಲಿ ಪ್ರಾರಂಭವಾಗಲೊಲ್ಲದೆ, ಒಂದೇ ಸಾಲಿನ ಸಂದೇಶವನ್ನು ಟರ್ಮಿನಲ್ಲಿನಲ್ಲಿ ಬಿಟ್ಟು ನಿಂತುಹೋಗತೊಡಗಿತು: ಪ್ಯಾಂಗೊ ಎಂಬ ಲೈಬ್ರರಿಗೆ ಬೇಕಾದ ‘ಜಿ ಸ್ಟ್ರಿಂಗ್ ಫ್ರೀ ಅಂಡ್ ಸ್ಟೀಲ್’ ಎಂಬ ಫಂಕ್ಷನ್ ಎಲ್ಲಿಯೂ ದೊರೆಯಲಿಲ್ಲ ಎಂಬುದು ಆ ಸಂದೇಶದ ತಾತ್ಪರ್ಯ.

ತಂತ್ರಾಂಶದ ಕಡತಗಳಲ್ಲಿ ಒಂದು ಬೈಟ್ ಕೂಡ ವ್ಯತ್ಯಾಸವಾಗಿರಲಿಲ್ಲ. ಯಂತ್ರದಲ್ಲಿ ದೋಷವಿರಲಿಲ್ಲ. ಪ್ಯಾಂಗೊ ಸಹ ನಿರ್ದೋಷಿಯೇ. ಗ್ನೋಮ್ ಎಂಬ ಡೆಸ್ಕ್‌ಟಾಪಿನ ಪರದೆಯ ಮೇಲೆ ಕನ್ನಡದ ಒತ್ತು, ಕೊಂಬು, ದೀರ್ಘಗಳು ತಮ್ಮ ತಮ್ಮ ಸ್ಥಾನದಲ್ಲಿ ಕೂಡುವಂತೆ ಅಕ್ಷರಪಂಕ್ತಿಯನ್ನು ಜೋಡಿಸುವ ಹೊಣೆಯಲ್ಲಿ ಭಾಗಿಯಾಗಿರುವುದು ಇದೇ ಲೈಬ್ರರಿ, ಮತ್ತು ಅದರ ಹೆಸರನ್ನೇ ಕೇಳದ ಎಷ್ಟೋ ಮಂದಿ ಕನ್ನಡಿಗರು ಅದರ ಉಪಕಾರವನ್ನು ಪ್ರತಿದಿನವೂ ಪಡೆಯುತ್ತಿದ್ದಾರೆ. ಹಾಗಾದರೆ ತಪ್ಪಿದ್ದು ಯಾವುದು? ತಪ್ಪಿದ್ದು ದಾರಿ. ಬೇಕಾದ ವಸ್ತು ಅದೇ ಡಿಸ್ಕಿನಲ್ಲಿ ಸುಸ್ಥಿತಿಯಲ್ಲಿತ್ತು. ಹುಡುಕುವವನು ಮಾತ್ರ ಬೇರೊಂದು ಕಡೆಗೆ ಮೊದಲು ಹೋಗಿ, ಅಲ್ಲಿ ಅದೇ ಹೆಸರಿನ ಹಳೆಯ ವಸ್ತುವನ್ನು ಕಂಡು, ಅದನ್ನೇ ಎತ್ತಿಕೊಂಡು ಬಂದಿದ್ದನು. ಒಡೆಯರು ಮುಚ್ಚಿಟ್ಟ ತಂತ್ರಾಂಶವನ್ನು ಮುಕ್ತ ವ್ಯವಸ್ಥೆಗಳಲ್ಲಿ ನೆಲೆಗೊಳಿಸುವ ಪ್ಯಾಕೇಜ್ ನಿರ್ವಾಹಕರ ಶ್ರಮದಲ್ಲಿ ಬಹುಭಾಗವು ಈ ದಾರಿಯ ತಿದ್ದುಪಡಿಯಲ್ಲಿಯೇ ವಿನಿಯೋಗವಾಗುತ್ತದೆ. ಆ ಕೆಲಸ ಹೊರಗಿನವರಿಗೆ ಕಾಣಿಸುವುದಿಲ್ಲ. ಆದರೆ ಅದರಲ್ಲಿ ಒಂದು ವಿವೇಕವಿದೆ, ಮತ್ತು ಆ ವಿವೇಕವನ್ನು ತಿಳಿದುಕೊಳ್ಳುವುದು ಗಣಕವನ್ನು ಬಳಸುವ ಯಾರಿಗಾದರೂ ಪ್ರಯೋಜನಕರವೆಂದು ನನ್ನ ನಂಬಿಕೆ.

ಯಾವ ಪ್ರೋಗ್ರಾಮೂ ತನಗೆ ಬೇಕಾದ ಸಮಸ್ತವನ್ನೂ ತನ್ನೊಳಗೇ ಇಟ್ಟುಕೊಂಡಿರುವುದಿಲ್ಲ. ಪರದೆಯಲ್ಲಿ ಕಿಟಕಿಯನ್ನು ತೆರೆಯುವುದು, ಅಕ್ಷರವನ್ನು ಮೂಡಿಸುವುದು, ಚಿತ್ರದ ಕಡತವನ್ನು ಬಿಚ್ಚುವುದು, ಅಂತರಜಾಲದಲ್ಲಿ ಗುಪ್ತವಾಗಿ ಸಂಭಾಷಿಸುವುದು ಮೊದಲಾದವು ಸಾವಿರಾರು ಪ್ರೋಗ್ರಾಮುಗಳಿಗೆ ಸಮಾನವಾಗಿ ಬೇಕಾದ ಕಾರ್ಯಗಳಾದ್ದರಿಂದ, ಅವನ್ನು ಒಮ್ಮೆ ಚೆನ್ನಾಗಿ ಬರೆದು ಪ್ರತ್ಯೇಕ ಕಡತಗಳಲ್ಲಿ ಇರಿಸಿ, ಬೇಕಾದವರು ಬೇಕಾದಾಗ ಬಳಸಿಕೊಳ್ಳುವಂತೆ ಮಾಡಿದ್ದಾರೆ. ದೇವಸ್ಥಾನದ ಉಗ್ರಾಣದ ಹಂಡೆ ಕೊಪ್ಪರಿಗೆಗಳನ್ನು ಊರಿನ ಯಾವ ಮನೆಯ ಮದುವೆಗಾದರೂ ತಂದು ಬಳಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇದ್ದಂತೆಯೇ ಈ ಹಂಚಿಕೆಯ ಲೈಬ್ರರಿಗಳ ಪದ್ಧತಿ. ಇದರಿಂದ ಸ್ಮೃತಿಕೋಶವೂ ಡಿಸ್ಕೂ ಉಳಿಯುತ್ತವೆಂಬುದು ಸಣ್ಣ ಲಾಭ. ಲೈಬ್ರರಿಯೊಂದರಲ್ಲಿ ಭದ್ರತೆಯ ಲೋಪ ಕಂಡುಬಂದಾಗ ಅದೊಂದನ್ನು ಸರಿಪಡಿಸಿದ ಮಾತ್ರಕ್ಕೆ ಅದನ್ನು ಆಶ್ರಯಿಸಿದ ಪ್ರೋಗ್ರಾಮುಗಳೆಲ್ಲ ಏಕಕಾಲದಲ್ಲಿ ಕ್ಷೇಮಗೊಳ್ಳುತ್ತವೆಂಬುದು ದೊಡ್ಡ ಲಾಭ. ಮುಕ್ತ ತಂತ್ರಾಂಶಕ್ಕೆ ಸೋರ್ಸ್ ಕೋಡ್ ಲಭ್ಯವಿರುವುದರಿಂದ, ಲೈಬ್ರರಿ ಬದಲಾದಾಗ ವ್ಯವಸ್ಥೆಯನ್ನು ಕಟ್ಟುವವರು ಅದಕ್ಕೆ ಸಂಬಂಧಿಸಿದ ಪ್ರೋಗ್ರಾಮುಗಳನ್ನು ಹೊಸದಾಗಿ ಕಂಪೈಲ್ ಮಾಡಿ ಹೊಂದಾಣಿಕೆಯನ್ನು ಕಾಪಾಡುತ್ತಾರೆ. ಸ್ವಾಮ್ಯದ ತಂತ್ರಾಂಶಕ್ಕೆ ಈ ಚಿಕಿತ್ಸೆ ಇಲ್ಲ. ಅದು ಒಡೆಯರ ಕಾರ್ಯಾಗಾರದಲ್ಲಿ ಒಂದು ದಿನ ಯಾವ ರೂಪದಲ್ಲಿ ಸಿದ್ಧವಾಯಿತೋ ಆ ರೂಪದಲ್ಲಿಯೇ ಇರುತ್ತದೆ. ಅದರ ಸುತ್ತಣ ಪ್ರಪಂಚ ಮಾತ್ರ ಚಲಿಸುತ್ತಿರುತ್ತದೆ.

ಪ್ರೋಗ್ರಾಮನ್ನೂ ಲೈಬ್ರರಿಗಳನ್ನೂ ಕೂಡಿಸುವವನು ಡೈನಮಿಕ್ ಲಿಂಕರ್ ಎಂಬ ಇನ್ನೊಂದು ಸಣ್ಣ ಪ್ರೋಗ್ರಾಮು. ಲಿನಕ್ಸಿನ ಪ್ರೋಗ್ರಾಮುಗಳು ಎಲ್ಫ್ ಎಂಬ ವಿನ್ಯಾಸದಲ್ಲಿ ರಚಿತವಾಗಿರುತ್ತವೆ. ಯುನಿಕ್ಸ್ ಸಿಸ್ಟಮ್ 5ರ ನಾಲ್ಕನೆಯ ಬಿಡುಗಡೆಯೊಡನೆ ರೂಢಿಗೆ ಬಂದ ಈ ವಿನ್ಯಾಸವನ್ನು ಲಿನಕ್ಸ್ 1990ರ ದಶಕದ ನಡುವಿನಲ್ಲಿ ಅಂಗೀಕರಿಸಿತು. ಅಂಥ ಕಡತದೊಳಗೆ ಒಂದು ಕೋಷ್ಟಕವಿದ್ದು, ತನಗೆ ಯಾವ ಯಾವ ಲೈಬ್ರರಿಗಳು ಬೇಕು ಎಂಬುದನ್ನು ಅದರಲ್ಲಿ ಹೆಸರು ಹಿಡಿದು ಬರೆದಿರುತ್ತದೆ. ಬರೆದಿರುವುದು ಹೆಸರು ಮಾತ್ರ, ಸ್ಥಳವಲ್ಲ. ಸ್ಥಳವನ್ನು ಹುಡುಕುವ ಕ್ರಮವು ಲಿಂಕರಿಗೆ ಗೊತ್ತು: ಪ್ರೋಗ್ರಾಮಿನಲ್ಲಿಯೇ ಆರ್‌ಪಾತ್ ಎಂಬ ಹಳೆಯ ಬಗೆಯ ದಾರಿಯನ್ನು ಕೆತ್ತಿದ್ದರೆ ಮೊದಲು ಅಲ್ಲಿ, ಅನಂತರ ಬಳಕೆದಾರನು ಎಲ್‌ಡಿ ಲೈಬ್ರರಿ ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿನಲ್ಲಿ ಸೂಚಿಸಿದ ಫೋಲ್ಡರುಗಳಲ್ಲಿ, ಅನಂತರ ರನ್‌ಪಾತ್ ಎಂಬ ಹೊಸ ಬಗೆಯ ದಾರಿಯಿದ್ದರೆ ಅಲ್ಲಿ, ಅದಾದ ಮೇಲೆ ವ್ಯವಸ್ಥೆಯವರು ಮೊದಲೇ ಸಿದ್ಧಪಡಿಸಿಟ್ಟ ಸೂಚಿಯಲ್ಲಿ, ಕಟ್ಟಕಡೆಗೆ ವ್ಯವಸ್ಥೆಯ ಸಾಮಾನ್ಯ ಲೈಬ್ರರಿ ಫೋಲ್ಡರುಗಳಲ್ಲಿ. ಎಲ್ಲಿ ಮೊದಲು ಸಿಕ್ಕಿತೋ ಅದೇ ಅಂತಿಮ. ಒಂದು ಹೆಸರಿನ ಲೈಬ್ರರಿಯನ್ನು ಒಮ್ಮೆ ತಂದ ಮೇಲೆ, ಅದೇ ಪ್ರೋಗ್ರಾಮಿನ ಪರಿವಾರದಲ್ಲಿ ಮತ್ತೆ ಯಾರು ಅದೇ ಹೆಸರನ್ನು ಕೇಳಿದರೂ, ಮೊದಲು ತಂದದ್ದನ್ನೇ ಲಿಂಕರ್ ಅವರಿಗೂ ಒಪ್ಪಿಸುತ್ತದೆ.

ಈ ಕೊನೆಯ ನಿಯಮವೇ ಡಾವಿಂಚಿ ರಿಸಾಲ್ವಿನ ಸಂಕಟದ ಮೂಲ. ತನ್ನೊಡನೆ ಬಹುಸಂಖ್ಯೆಯ ಲೈಬ್ರರಿಗಳನ್ನು ಕಟ್ಟಿಕೊಂಡು ಬರುವ ಆ ತಂತ್ರಾಂಶವು ಅವುಗಳೊಡನೆ ಜಿಲಿಬಿನ ಹಳೆಯ ಆವೃತ್ತಿಯನ್ನೂ ತಂದಿತ್ತು. ತನ್ನ ಫೋಲ್ಡರನ್ನೇ ಮೊದಲು ನೋಡುವ ಪ್ರೋಗ್ರಾಮಾದ್ದರಿಂದ ಆ ಹಳೆಯದೇ ಮೊದಲು ಒಳಗೆ ಬಂದಿತು. ಅದರ ಬಳಿಕ ವ್ಯವಸ್ಥೆಯ ಕಡೆಯಿಂದ ಪ್ಯಾಂಗೊ ಬಂದು, ನನಗೂ ಜಿಲಿಬ್ ಬೇಕೆಂದು ಕೇಳಿದಾಗ, ಲಿಂಕರ್ ಅದಾಗಲೇ ತಂದದ್ದನ್ನೇ ತೋರಿಸಿತು, 2.76ನೆಯ ಆವೃತ್ತಿಯಲ್ಲಿ ಹುಟ್ಟಿದ ಫಂಕ್ಷನ್ನು ಅದಕ್ಕೂ ಮುಂಚಿನ ಕಡತದಲ್ಲಿ ಇರುವುದಾದರೂ ಹೇಗೆ! ಪ್ಯಾಕೇಜ್ ನಿರ್ವಾಹಕರು ಕಂಡುಕೊಂಡ ಪರಿಹಾರ ಅತ್ಯಂತ ಸರಳವಾದದ್ದು: ತಂತ್ರಾಂಶದ ಫೋಲ್ಡರಿನಲ್ಲಿರುವ ಜಿಲಿಬ್, ಜಿಐಒ, ಜಿಮಾಡ್ಯೂಲ್ ಎಂಬ ಒಂದೇ ಕುಟುಂಬದ ಕಡತಗಳನ್ನು ಬೇರೊಂದು ಫೋಲ್ಡರಿಗೆ ಸರಿಸಿಬಿಡುವುದು. ಆಗ ಲಿಂಕರ್ ಅಲ್ಲಿ ಅವನ್ನು ಕಾಣದೆ ಮುಂದಕ್ಕೆ ನಡೆದು ವ್ಯವಸ್ಥೆಯ ಹೊಸ ಜಿಲಿಬನ್ನು ತರುತ್ತದೆ. ತಂತ್ರಾಂಶವೂ ಪ್ಯಾಂಗೊವೂ ಅದರಲ್ಲಿಯೇ ತೃಪ್ತಿಗೊಳ್ಳುತ್ತವೆ.

ಸರಳವಾದ ಈ ಪರಿಹಾರವು ಸಾಧುವೂ ಆದದ್ದು ಏಕೆ ಎಂಬುದನ್ನು ವಿಚಾರಿಸದೆ ಮುಂದೆ ಹೋಗಬಾರದು. ಹಳೆಯದನ್ನು ತೆಗೆದು ಹೊಸದನ್ನು ಕೊಟ್ಟರೆ ತಂತ್ರಾಂಶ ನಡೆಯುತ್ತದೆಂಬ ಧೈರ್ಯ ಎಲ್ಲಿಂದ ಬಂತು? ಅದು ಜಿಲಿಬನ್ನು ಬರೆಯುವವರು ಕೊಟ್ಟ ಒಂದು ವಚನದಿಂದ ಬಂದದ್ದು. ಲೈಬ್ರರಿಯ ಹೆಸರಿನ ಕೊನೆಯಲ್ಲಿ ಒಂದು ಅಂಕಿ ಇರುತ್ತದೆ. ಹಳೆಯ ಪ್ರೋಗ್ರಾಮುಗಳು ಮುರಿಯುವಂಥ ಬದಲಾವಣೆಯನ್ನು ಮಾಡಿದಾಗ ಮಾತ್ರ ಆ ಅಂಕಿಯನ್ನು ಬದಲಿಸತಕ್ಕದ್ದು ಎಂಬುದು ಸಂಪ್ರದಾಯ. 2002ರಲ್ಲಿ ಜಿಲಿಬಿನ 2.0 ಆವೃತ್ತಿ ಬಂದಾಗ ಆ ಅಂಕಿ ಸೊನ್ನೆಯಾಗಿತ್ತು, ಇಂದಿಗೂ ಸೊನ್ನೆಯೇ. ಎಂದರೆ, ಎರಡು ದಶಕಗಳ ಹಿಂದೆ ಕಂಪೈಲ್ ಆದ ಪ್ರೋಗ್ರಾಮಿಗೂ ಇಂದಿನ ಕಡತವು ಸೇವೆ ಸಲ್ಲಿಸಲು ಬದ್ಧವಾಗಿದೆ. ಹೊಸದು ಹಳೆಯದರ ಭಾರವನ್ನು ಹೊರಬಲ್ಲದು. ಹಳೆಯದು ಹೊಸದರ ಭಾರವನ್ನು ಹೊರಲಾರದು. ಈ ಏಕಮುಖ ಸಂಬಂಧವನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ದಾರಿಯ ಸಮಸ್ಯೆಗಳಲ್ಲಿ ಅರ್ಧಾಂಶ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಅಂಕಿಯೇ ಬದಲಾದ ಕಡೆ ಈ ಉಪಾಯ ಸಲ್ಲದು. 2022ರ ಏಪ್ರಿಲಿನಲ್ಲಿ ಬಂದ ಉಬುಂಟು 22.04 ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ 3ನೆಯ ಆವೃತ್ತಿಗೆ ದಾಟಿ 1.1 ಆವೃತ್ತಿಯನ್ನು ಕೈಬಿಟ್ಟಾಗ, ಹಳೆಯದನ್ನೇ ಹೆಸರಿಸುತ್ತಿದ್ದ ಎಷ್ಟೋ ಸ್ವಾಮ್ಯದ ಪ್ರೋಗ್ರಾಮುಗಳು ಪ್ರಾರಂಭವಾಗದೆ ಹೋದವು. ಹೊಸ ಕಡತಕ್ಕೆ ಹಳೆಯ ಹೆಸರಿನ ಕೊಂಡಿಯೊಂದನ್ನು ಹಾಕಿ ಲಿಂಕರನ್ನು ನಂಬಿಸಲು ಯತ್ನಿಸಿದವರು ಉಂಟು. ಆದರೆ ಕಡತದೊಳಗಿನ ಪ್ರತಿಯೊಂದು ಫಂಕ್ಷನ್ನಿಗೂ ಆವೃತ್ತಿಯ ಮುದ್ರೆಯಿರುವುದರಿಂದ, ಲಿಂಕರ್ ಆ ಮುದ್ರೆಯನ್ನು ಓದಿ, ಇದು ನಾನು ಹುಡುಕುತ್ತಿರುವುದಲ್ಲವೆಂದು ನಿರಾಕರಿಸುತ್ತದೆ. ನಿರಾಕರಿಸಿದ್ದೇ ಕ್ಷೇಮ. ಮುದ್ರೆಯಿಲ್ಲದ ಲೈಬ್ರರಿಗಳಲ್ಲಿ ಇಂಥ ಸುಳ್ಳು ಕೊಂಡಿಯಿಂದ ಪ್ರೋಗ್ರಾಮು ಪ್ರಾರಂಭವಾಗಿಬಿಡುತ್ತದೆ, ಮತ್ತು ದತ್ತಾಂಶದ ವಿನ್ಯಾಸದಲ್ಲಿನ ಭೇದವು ಎಷ್ಟೋ ಗಂಟೆಗಳ ಕೆಲಸವಾದ ಮೇಲೆ, ಎಲ್ಲಿಂದ ಬಂತೆಂದು ಊಹಿಸಲಾಗದಂಥ ಅನರ್ಥವಾಗಿ ಪ್ರಕಟವಾಗುತ್ತದೆ. ಪ್ರೋಗ್ರಾಮು ತೆರೆದುಕೊಂಡಿತು ಎಂಬುದನ್ನೇ ದುರಸ್ತಿಯ ಪ್ರಮಾಣವೆಂದು ತಿಳಿಯುವುದು ಅಪಾಯಕರ. ಇಂಥ ಸಂದರ್ಭದಲ್ಲಿ ಸರಿಯಾದ ಮಾರ್ಗವೆಂದರೆ ಆ ಹಳೆಯ ಆವೃತ್ತಿಯನ್ನೇ ನಿಜವಾಗಿ ತಂದು, ಆ ಒಂದು ಪ್ರೋಗ್ರಾಮಿಗೆ ಮಾತ್ರ ಕಾಣುವ ಕಡೆ ಇರಿಸುವುದು.

ಒಂದು ಪ್ರೋಗ್ರಾಮಿಗೆ ಮಾತ್ರ ಕಾಣುವಂತೆ ಎಂದೆನಲ್ಲ, ಈ ಕಸುಬಿನ ಸಾರವೆಲ್ಲ ಅದರಲ್ಲಿದೆ. ಹಂಚಿಕೆಯ ಲೈಬ್ರರಿಗಳ ಇಂದಿನ ಸ್ವರೂಪಕ್ಕೆ ಮಾದರಿಯಾದದ್ದು ಸನ್ ಮೈಕ್ರೋಸಿಸ್ಟಮ್ಸ್ ಎಂಜಿನಿಯರರು 1987ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ವಿವರಿಸಿ, ಮಾರನೆಯ ವರ್ಷದ ಸನ್‌ಓಎಸ್ 4.0ರಲ್ಲಿ ಬಳಕೆಗೆ ತಂದ ವ್ಯವಸ್ಥೆ. ಎಲ್‌ಡಿ ಲೈಬ್ರರಿ ಪಾತ್ ಎಂಬ ವೇರಿಯಬಲ್ಲೂ ಆ ವಂಶದ್ದೇ. ಹೊಸ ಲೈಬ್ರರಿಯೊಂದನ್ನು ಎಲ್ಲರ ಮೇಲೆ ಹೇರುವ ಮುನ್ನ ಒಮ್ಮೆ ಪರೀಕ್ಷಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ಸುಲಭವಾದದ್ದು ಶಾಶ್ವತವಾಗುವುದಕ್ಕೆ ತಡವಾಗುವುದಿಲ್ಲವಾದ್ದರಿಂದ, ಸ್ವಾಮ್ಯದ ತಂತ್ರಾಂಶಗಳಲ್ಲಿ ಅನೇಕವು ಇಂದಿಗೂ ಒಂದು ಚಿಕ್ಕ ಶೆಲ್ ಸ್ಕ್ರಿಪ್ಟಿನ ಮೂಲಕ ಈ ವೇರಿಯಬಲ್ಲನ್ನು ತಮ್ಮ ಫೋಲ್ಡರಿಗೆ ತಿರುಗಿಸಿ, ಆಮೇಲೆ ಮುಖ್ಯ ಪ್ರೋಗ್ರಾಮನ್ನು ಪ್ರಾರಂಭಿಸುತ್ತವೆ.

ಇದರಿಂದ ಒದಗುವ ತೊಡಕು ಎರಡು ಬಗೆಯದು. ಎನ್ವಿರಾನ್‌ಮೆಂಟ್ ವೇರಿಯಬಲ್ಲು ತಂದೆಯಿಂದ ಮಗನಿಗೆ ಸಲ್ಲುವ ಸ್ವಭಾವದ್ದು. ಬಳಕೆದಾರನು ಆ ತಂತ್ರಾಂಶದೊಳಗೆ ಸಹಾಯದ ಪುಟದ ಕೊಂಡಿಯನ್ನು ಒತ್ತಿದನೆನ್ನಿ. ಅದು ವ್ಯವಸ್ಥೆಯ ಬ್ರೌಸರನ್ನು ಪ್ರಾರಂಭಿಸುತ್ತದೆ. ಪ್ರಾರಂಭವಾದ ಬ್ರೌಸರಿಗೂ ಅದೇ ದಾರಿ ಬಳುವಳಿಯಾಗಿ ಬಂದು, ಅದು ತನ್ನದಲ್ಲದ ಹಳೆಯ ಲೈಬ್ರರಿಗಳನ್ನು ಎತ್ತಿಕೊಂಡು ಕುಸಿದುಬೀಳುತ್ತದೆ. ಬಡಪಾಯಿ ಬಳಕೆದಾರನು ಬ್ರೌಸರನ್ನೇ ದೂಷಿಸುತ್ತಾನೆ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು, ಮತ್ತು ಹೆಚ್ಚು ಭಯಂಕರವಾದದ್ದು. ಆ ವೇರಿಯಬಲ್ಲಿನಲ್ಲಿ ಫೋಲ್ಡರುಗಳ ಹೆಸರುಗಳನ್ನು ಕೋಲನ್ ಚಿಹ್ನೆಯಿಂದ ಬೇರ್ಪಡಿಸುತ್ತಾರೆ; ಸ್ಕ್ರಿಪ್ಟ್ ಬರೆಯುವವರು ತಮ್ಮ ಫೋಲ್ಡರಿನ ಹೆಸರು, ಒಂದು ಕೋಲನ್, ಮೊದಲೇ ಇದ್ದ ಬೆಲೆ ಎಂದು ಬರೆದಿರುತ್ತಾರೆ. ಮೊದಲೇ ಇದ್ದ ಬೆಲೆ ಏನೂ ಇಲ್ಲದಾಗ ಕೋಲನ್ನಿನ ಆಚೆ ಶೂನ್ಯ ಉಳಿಯುತ್ತದೆ. ಆ ಶೂನ್ಯಕ್ಕೆ ಲಿಂಕರ್ ಮಾಡುವ ಅರ್ಥ, ಪ್ರೋಗ್ರಾಮನ್ನು ಯಾವ ಫೋಲ್ಡರಿನಲ್ಲಿ ನಿಂತು ಪ್ರಾರಂಭಿಸಿದರೋ ಆ ಫೋಲ್ಡರು ಎಂದು. ಅಂದಮೇಲೆ, ಯಾರೋ ಕಳುಹಿಸಿದ ಕಡತಗಳನ್ನು ಬಿಚ್ಚಿದ ಫೋಲ್ಡರಿನಲ್ಲಿ ನಿಂತು ಈ ತಂತ್ರಾಂಶವನ್ನು ತೆರೆದರೆ, ಅಲ್ಲಿ ತಕ್ಕ ಹೆಸರಿನಲ್ಲಿ ಅವಿತಿರುವ ದುಷ್ಟ ಲೈಬ್ರರಿ ಬಳಕೆದಾರನ ಸರ್ವಾಧಿಕಾರದೊಡನೆ ಒಳಗೆ ಬರಬಲ್ಲದು. ಒಂದು ಕೋಲನ್ ಚಿಹ್ನೆಯಲ್ಲಿ ಇಷ್ಟು ಅಡಗಿದೆ! ಸ್ಕ್ರಿಪ್ಟುಗಳನ್ನು ಓದುವಾಗ ಪ್ಯಾಕೇಜ್ ನಿರ್ವಾಹಕರು ಮೊದಲು ಕಣ್ಣಿಡುವ ಸ್ಥಾನಗಳಲ್ಲಿ ಇದೊಂದು.

ವ್ಯವಸ್ಥೆಯ ಸಾಮಾನ್ಯ ಸೂಚಿಯೊಳಕ್ಕೇ ಸ್ವಾಮ್ಯದ ತಂತ್ರಾಂಶದ ಫೋಲ್ಡರನ್ನು ಸೇರಿಸಿಬಿಡುವುದು ಇದಕ್ಕಿಂತ ಕೆಟ್ಟ ಪದ್ಧತಿ. ಒಬ್ಬನ ಅನುಕೂಲಕ್ಕಾಗಿ ಎಲ್ಲರ ದಾರಿಯನ್ನೂ ತಿರುಗಿಸಿದಂತಾಗುತ್ತದೆ. ಅದನ್ನು ಹೆಚ್ಚು ಚರ್ಚಿಸಬೇಕಾಗಿಲ್ಲ.

ಆದಕಾರಣ ದಾರಿಯನ್ನು ಪ್ರೋಗ್ರಾಮಿನ ಕಡತದೊಳಗೇ ಬರೆಯುವುದು ಶ್ರೇಯಸ್ಕರವೆಂದು ಅನುಭವಿಗಳು ನಿಶ್ಚಯಿಸಿದರು. ಅಲ್ಲಿ ಬರೆದದ್ದು ಆ ಪ್ರೋಗ್ರಾಮಿಗೆ ಮಾತ್ರ ಅನ್ವಯಿಸುತ್ತದೆ. ಮಕ್ಕಳಾದ ಪ್ರಕ್ರಿಯೆಗಳಿಗೆ ಹರಿಯುವುದಿಲ್ಲ. ಅದರಲ್ಲಿಯೂ ‘ಒರಿಜಿನ್’ ಎಂಬ ವಿಶೇಷ ಸಂಕೇತವೊಂದುಂಟು: ಈ ಕಡತ ಯಾವ ಫೋಲ್ಡರಿನಲ್ಲಿದೆಯೋ ಅಲ್ಲಿಂದ ಆರಂಭಿಸಿ ಎಂಬುದು ಅದರ ಅರ್ಥ, ಅದನ್ನು ಬಳಸಿದರೆ ತಂತ್ರಾಂಶವನ್ನು ಎಲ್ಲಿಗೆ ಸಾಗಿಸಿದರೂ ದಾರಿ ಕೆಡುವುದಿಲ್ಲ. ಇದೂ ಸರ್ವಥಾ ನಿರಪಾಯವಲ್ಲ. ವಿಶೇಷಾಧಿಕಾರದಿಂದ ನಡೆಯುವ ಪ್ರೋಗ್ರಾಮುಗಳಲ್ಲಿ ಈ ಸಂಕೇತವನ್ನು ಗ್ನೂ ಸಿ ಲೈಬ್ರರಿಯ ಲಿಂಕರ್ ನಿರ್ವಹಿಸುತ್ತಿದ್ದ ರೀತಿಯಲ್ಲಿ ಗಂಭೀರವಾದ ರಂಧ್ರವಿರುವುದನ್ನು ಭದ್ರತಾ ಸಂಶೋಧಕ ಟಾವಿಸ್ ಓರ್ಮಂಡಿ 2010ರ ಅಕ್ಟೋಬರಿನಲ್ಲಿ ತೋರಿಸಿಕೊಟ್ಟರು, ಮತ್ತು ಅದನ್ನು ಮುಚ್ಚಲಾಯಿತು. ಒಡೆಯರ ಕಾರ್ಯಾಗಾರದ ಯಾವುದೋ ಖಾಸಗಿ ಫೋಲ್ಡರಿನ ಹೆಸರು ದಾರಿಯಾಗಿ ಉಳಿದುಬಿಟ್ಟಿರುವುದೂ ಅಪರೂಪವಲ್ಲ. ಅಂಥ ದಾರಿಯುಳ್ಳ ಪ್ಯಾಕೇಜನ್ನು ಕಟ್ಟುವಾಗಲೇ ತಡೆದು ನಿಲ್ಲಿಸುವ ನಿಯಮವನ್ನು ಫೆಡೋರಾದವರು ತಮ್ಮ 35ನೆಯ ಆವೃತ್ತಿಯಿಂದ ಜಾರಿಗೆ ತಂದಿದ್ದಾರೆ.

ಕಂಪೈಲ್ ಆಗಿ ಮುಗಿದ ಕಡತದಲ್ಲಿ ದಾರಿಯನ್ನು ತಿದ್ದುವುದು ಹೇಗೆ? ಹಿಂದೆ ಇದ್ದ ಸಿಎಚ್‌ಆರ್‌ಪಾತ್ ಎಂಬ ಸಾಧನವು ಇದ್ದ ದಾರಿಯ ಅಕ್ಷರಗಳ ಮೇಲೆಯೇ ಹೊಸ ಅಕ್ಷರಗಳನ್ನು ಬರೆಯುತ್ತಿದ್ದುದರಿಂದ, ಹೊಸ ದಾರಿ ಹಳೆಯದಕ್ಕಿಂತ ಉದ್ದವಾಗುವಂತಿರಲಿಲ್ಲ; ದಾರಿಯೇ ಇಲ್ಲದ ಕಡತಕ್ಕೆ ದಾರಿಯನ್ನು ಕೊಡುವುದಂತೂ ಅದರಿಂದ ಆಗದ ಕೆಲಸ. ಈ ಕೊರತೆಯನ್ನು ನೀಗಿದ್ದು ಪ್ಯಾಚ್‌ಎಲ್ಫ್. ಅದನ್ನು ಬರೆದವರು ನೆದರ್‌ಲ್ಯಾಂಡ್ಸಿನ ಎಲ್ಕೋ ಡೋಲ್‌ಸ್ಟ್ರಾ. ಕಡತದ ಒಳವಿನ್ಯಾಸವನ್ನೇ ಹಿಗ್ಗಿಸಿ, ಕೋಷ್ಟಕಗಳನ್ನು ಹೊಸ ಸ್ಥಾನಕ್ಕೆ ಸಾಗಿಸಿ, ಎಷ್ಟು ಉದ್ದದ ದಾರಿಯನ್ನಾದರೂ ಬರೆಯಲು ಅದು ಅವಕಾಶ ಕೊಡುತ್ತದೆ. ಪ್ರೋಗ್ರಾಮಿನ ಯಂತ್ರಾದೇಶಗಳನ್ನು ಮುಟ್ಟದೆ ವಿಳಾಸವನ್ನು ಮಾತ್ರ ತಿದ್ದುವ ಈ ಸಂಯಮ ನನಗೆ ಬಹಳ ಮೆಚ್ಚುಗೆಯಾದದ್ದು.

ಡೋಲ್‌ಸ್ಟ್ರಾ ಅವರಿಗೆ ಈ ಸಾಧನ ಬೇಕಾದದ್ದು ಅವರ ಇನ್ನೊಂದು, ಬಹು ದೊಡ್ಡ ಕಲ್ಪನೆಯ ನಿಮಿತ್ತ. ಯುಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ 2006ರಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಅವರು ವಿವರಿಸಿದ ನಿಕ್ಸ್ ಎಂಬ ಪದ್ಧತಿಯಲ್ಲಿ ಎಲ್ಲರಿಗೂ ಸಾಮಾನ್ಯವಾದ ಲೈಬ್ರರಿ ಫೋಲ್ಡರೆಂಬುದೇ ಇಲ್ಲ. ಪ್ರತಿಯೊಂದು ಲೈಬ್ರರಿಯ ಪ್ರತಿಯೊಂದು ಆವೃತ್ತಿಯೂ, ಅದನ್ನು ಹೇಗೆ ಕಟ್ಟಲಾಯಿತೆಂಬುದರಿಂದ ಗಣಿಸಿದ 32 ಅಕ್ಷರಗಳ ಗುರುತನ್ನು ಹೆಸರಿನಲ್ಲಿ ಧರಿಸಿ, ತನ್ನದೇ ಫೋಲ್ಡರಿನಲ್ಲಿ ನೆಲೆಸಿರುತ್ತದೆ. ಪ್ರತಿಯೊಂದು ಪ್ರೋಗ್ರಾಮೂ ತನಗೆ ಬೇಕಾದ ಆವೃತ್ತಿಯ ಪೂರ್ಣ ವಿಳಾಸವನ್ನು ತನ್ನಲ್ಲಿಯೇ ಬರೆದುಕೊಂಡಿರುತ್ತದೆ. ಹತ್ತು ಆವೃತ್ತಿಗಳು ಒಂದೇ ಯಂತ್ರದಲ್ಲಿ ಕಲಹವಿಲ್ಲದೆ ಇರಬಲ್ಲವು. ಮುಕ್ತ ತಂತ್ರಾಂಶಕ್ಕೆ ಇದು ಸುಗಮ. ಬೇರೆಲ್ಲೋ ಸಿದ್ಧವಾಗಿ ಬಂದ ಸ್ವಾಮ್ಯದ ಪ್ರೋಗ್ರಾಮಿಗೆ ಮಾತ್ರ ಈ ಊರಿನಲ್ಲಿ ಮೊದಲ ಹೆಜ್ಜೆಯನ್ನೇ ಇಡಲಾಗುವುದಿಲ್ಲ.

ಆ ವೈಫಲ್ಯದ ಲಕ್ಷಣವೂ ವಿಚಿತ್ರವಾದದ್ದು. ಪ್ರೋಗ್ರಾಮಿನ ಕಡತ ಕಣ್ಣೆದುರಿಗೇ ಇದೆ. ನಡೆಸುವ ಅನುಮತಿಯೂ ಇದೆ. ನಡೆಸಹೋದರೆ ಅಂಥ ಕಡತವೇ ಇಲ್ಲವೆಂಬ ಉತ್ತರ ಬರುತ್ತದೆ. ಇಲ್ಲದಿರುವುದು ಪ್ರೋಗ್ರಾಮಲ್ಲ, ಲಿಂಕರು. ಯಾವ ಲಿಂಕರಿನಿಂದ ತನ್ನನ್ನು ನಡೆಸಬೇಕೆಂಬ ಪೂರ್ಣ ವಿಳಾಸವನ್ನು ಎಲ್ಫ್ ಕಡತವು ತನ್ನೊಳಗೆ ಧರಿಸಿರುತ್ತದೆ. 64 ಬಿಟ್‌ನ ಸಾಮಾನ್ಯ ಲಿನಕ್ಸ್ ವ್ಯವಸ್ಥೆಗಳಲ್ಲಿ ಆ ವಿಳಾಸ ಒಂದೇ ಆಗಿರುವುದರಿಂದ ಯಾರೂ ಅದನ್ನು ಗಮನಿಸುವುದಿಲ್ಲ. ನಿಕ್ಸ್ ಪದ್ಧತಿಯ ಮೇಲೆ ಕಟ್ಟಿದ ನಿಕ್ಸ್‌ಓಎಸ್ ಎಂಬ ವ್ಯವಸ್ಥೆಯಲ್ಲಿ ಬಹುಕಾಲದವರೆಗೆ ಆ ವಿಳಾಸದಲ್ಲಿ ಏನೂ ಇರುತ್ತಿರಲಿಲ್ಲ. ಮಸ್ಲ್ ಎಂಬ ಬೇರೊಂದು ಸಿ ಲೈಬ್ರರಿಯನ್ನು ಆಶ್ರಯಿಸಿದ ಆಲ್ಪೈನ್ ಲಿನಕ್ಸಿನಲ್ಲಿಯೂ ಇದೇ ಒಗಟು ಎದುರಾಗುತ್ತದೆ, ಕಾರಣವೂ ಅದೇ. ಪ್ಯಾಚ್‌ಎಲ್ಫ್ ಈ ವಿಳಾಸವನ್ನೂ ತಿದ್ದಬಲ್ಲದು. ನಿಕ್ಸ್ ಪ್ಯಾಕೇಜುಗಳಲ್ಲಿ ಈ ಕೆಲಸವನ್ನು ತಾನಾಗಿ ಮಾಡುವ ಏರ್ಪಾಡೊಂದಿದ್ದು, ಒಡೆಯರ ಕಡತಗಳನ್ನೆಲ್ಲ ಶೋಧಿಸಿ, ಬೇಕಾದ ಹೆಸರುಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ತಕ್ಕ ಫೋಲ್ಡರನ್ನು ಹುಡುಕಿ ದಾರಿಯನ್ನು ಬರೆಯುತ್ತದೆ. ದೊರೆಯದ ಹೆಸರು ಒಂದಿದ್ದರೂ ಕೆಲಸವನ್ನು ನಿಲ್ಲಿಸಿ ಆ ಹೆಸರನ್ನು ಹೇಳುತ್ತದೆ.

ಆದರೂ ಸ್ವಯಂಚಾಲಿತವಾದ ಯಾವ ಏರ್ಪಾಡಿಗೂ ಕಾಣದ ಅವಲಂಬನೆಗಳು ಉಂಟು. ಪ್ರೋಗ್ರಾಮು ನಡೆಯುತ್ತಿರುವಾಗ, ಯಾವುದೋ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ, ಹೆಸರು ಹೇಳಿ ಕರೆಸಿಕೊಳ್ಳುವ ಲೈಬ್ರರಿಗಳು ಕೋಷ್ಟಕದಲ್ಲಿ ಇರುವುದಿಲ್ಲ. ಎಲ್‌ಡಿಡಿ, ರೀಡ್‌ಎಲ್ಫ್ ಮುಂತಾದ ಪರೀಕ್ಷಾಸಾಧನಗಳು ಅವುಗಳ ಸುಳಿವನ್ನು ಕೊಡುವುದಿಲ್ಲ. ಮುದ್ರಣಕ್ಕೆ ಕಳುಹಿಸಿದಾಗ ಮಾತ್ರ, ಧ್ವನಿಯನ್ನು ನುಡಿಸಿದಾಗ ಮಾತ್ರ ಅವುಗಳ ಅಭಾವ ತಿಳಿಯುವುದು. ಸೋರ್ಸ್ ಕೋಡನ್ನು ಓದುವಂತಿದ್ದರೆ ಕ್ಷಣದಲ್ಲಿ ಗೊತ್ತಾಗುತ್ತಿದ್ದ ಸಂಗತಿಯನ್ನು ಇಲ್ಲಿ ಲಿಂಕರಿನ ದಿನಚರಿಯನ್ನು ಸಾಲುಸಾಲಾಗಿ ಅಚ್ಚುಮಾಡಿಸಿ, ಅದು ಎಲ್ಲೆಲ್ಲಿ ಹುಡುಕಿ ಬರಿಗೈಯಲ್ಲಿ ಮರಳಿತೆಂದು ತಾಳ್ಮೆಯಿಂದ ಓದಿ ಅನುಮಾನಿಸಬೇಕು. ಇನ್ನೊಂದು ತೊಡಕು ಆರ್‌ಪಾತ್ ಮತ್ತು ರನ್‌ಪಾತ್‌ಗಳ ಭೇದದಲ್ಲಿದೆ. ಬಳಕೆದಾರನ ಸೂಚನೆಯನ್ನೂ ಮೀರಿ ಮುಂದೆ ನಿಲ್ಲುತ್ತಿದ್ದ ಆರ್‌ಪಾತ್‌ನ ಹಟವನ್ನು ತಗ್ಗಿಸಲು ರನ್‌ಪಾತ್ ಬಂದಿತು, ಸರಿ. ಆದರೆ ಹಳೆಯದು ಲೈಬ್ರರಿಗಳ ಲೈಬ್ರರಿಗಳಿಗೂ ದಾರಿ ತೋರುತ್ತಿತ್ತು, ಹೊಸದು ತನ್ನನ್ನು ಧರಿಸಿದ ಕಡತದ ನೇರ ಅವಲಂಬನೆಗಳಿಗೆ ಮಾತ್ರ ತೋರುತ್ತದೆ. ಆದ್ದರಿಂದ ಮುಖ್ಯ ಪ್ರೋಗ್ರಾಮನ್ನು ಮಾತ್ರ ತಿದ್ದಿ ಕೈತೊಳೆದುಕೊಂಡರೆ, ಎರಡನೆಯ ಹಂತದ ಲೈಬ್ರರಿ ಸಿಗದೆ ಎಲ್ಲವೂ ವ್ಯರ್ಥವಾಗಬಹುದು. ಒಡೆಯರು ತಂದ ಕಡತಗಳಲ್ಲಿ ಪ್ರತಿಯೊಂದಕ್ಕೂ ದಾರಿಯನ್ನು ಬರೆಯಬೇಕಾಗುತ್ತದೆ.

ಪರರ ಕೃತಿಯನ್ನು ಹೀಗೆ ತಿದ್ದುವುದಕ್ಕೆ ಅಧಿಕಾರವೆಲ್ಲಿಯದು ಎಂಬ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣವು, ಗಣಕ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು ಅದನ್ನು ಯಾವ ಉದ್ದೇಶಕ್ಕಾಗಿ ಪಡೆದನೋ ಆ ಉದ್ದೇಶಕ್ಕೆ ಬಳಸಿಕೊಳ್ಳುವ ಸಲುವಾಗಿ ಅದನ್ನು ಹೊಂದಿಸಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು ಹೇಳುತ್ತದೆ. ತಿದ್ದಿದ ಪ್ರತಿಯನ್ನು ಲೋಕಕ್ಕೆ ಹಂಚುವುದು ಬೇರೆ ಮಾತು. ಅದಕ್ಕಾಗಿಯೇ ಎಚ್ಚರಿಕೆಯ ನಿರ್ವಾಹಕರು ತಂತ್ರಾಂಶವನ್ನು ಹಂಚದೆ, ತಿದ್ದುಪಡಿಯ ವಿಧಾನವನ್ನು ಮಾತ್ರ ಬರೆದು ಹಂಚುತ್ತಾರೆ: ಒಡೆಯರಿಂದಲೇ ಕಡತವನ್ನು ಪಡೆದು, ಅದು ಅವಿಕೃತವೆಂದು ಚೆಕ್‌ಸಮ್ಮಿನಿಂದ ದೃಢಪಡಿಸಿಕೊಂಡು, ಬಳಕೆದಾರನ ಯಂತ್ರದಲ್ಲಿಯೇ ತಿದ್ದುವಂತೆ ಆ ವಿಧಾನವಿರುತ್ತದೆ. ಆರ್ಚ್ ಬಳಕೆದಾರರ ಪ್ಯಾಕೇಜ್ ಸಂಗ್ರಹದಲ್ಲಿಯೂ, ಫ್ಲ್ಯಾಟ್‌ಪ್ಯಾಕಿನಲ್ಲಿಯೂ ಈ ಮಾರ್ಗವನ್ನು ಅನುಸರಿಸುತ್ತಾರೆ. ಈ ವಿಧಾನ ಬಹಿರಂಗವಾಗಿರುವುದು ದೊಡ್ಡ ಗುಣ. ತಂತ್ರಾಂಶ ಮುಚ್ಚಿದ್ದರೂ ಅದಕ್ಕೆ ಏನು ಮಾಡಲಾಯಿತೆಂಬುದು ತೆರೆದಿದೆ. ಯಾರು ಬೇಕಾದರೂ ಓದಿ, ಪ್ರಶ್ನಿಸಿ, ಉತ್ತಮಪಡಿಸಬಹುದು.

ತನ್ನ ಕಡತದ ಒಂದು ಬೈಟ್ ಬದಲಾದರೂ ನಡೆಯಲು ನಿರಾಕರಿಸುವಂತೆ ರಚಿತವಾದ ಪ್ರೋಗ್ರಾಮುಗಳೂ ಉಂಟು. ಅಂಥವನ್ನು ತಿದ್ದದೆ, ಅವು ಬಯಸುವ ಪ್ರಪಂಚವನ್ನೇ ಅವುಗಳ ಸುತ್ತ ಕಲ್ಪಿಸಬೇಕಾಗುತ್ತದೆ. ಫ್ರೀಬಿಎಸ್‌ಡಿ ಎಂಬ ಬೇರೊಂದು ವ್ಯವಸ್ಥೆಯವರು ಲಿನಕ್ಸ್ ಪ್ರೋಗ್ರಾಮುಗಳಿಗಾಗಿ ಪ್ರತ್ಯೇಕ ಫೋಲ್ಡರ್ ವೃಕ್ಷವೊಂದನ್ನು ಇರಿಸಿ, ಆ ಪ್ರೋಗ್ರಾಮುಗಳು ಯಾವ ಕಡತವನ್ನು ಕೇಳಿದರೂ ಮೊದಲು ಆ ವೃಕ್ಷದಲ್ಲಿ ನೋಡುವಂತೆ ಕರ್ನೆಲ್ಲಿನಲ್ಲಿಯೇ ವ್ಯವಸ್ಥೆ ಮಾಡಿದ್ದಾರೆ. 2013ರಲ್ಲಿ ಲಿನಕ್ಸಿಗೆ ಬಂದ ಸ್ಟೀಮ್ ಎಂಬ ಆಟಗಳ ವೇದಿಕೆ ತನ್ನ ಲೈಬ್ರರಿಗಳ ಭಂಡಾರವನ್ನೇ ಜೊತೆಗೆ ತಂದಿತು. ಆದರೆ ಸಂಪೂರ್ಣ ಪ್ರತ್ಯೇಕತೆ ಸಾಧ್ಯವಾಗದ ಒಂದು ಸ್ಥಾನವಿದೆ, ಅದು ಗ್ರಾಫಿಕ್ಸ್ ಡ್ರೈವರು: ಅದು ಯಂತ್ರಕ್ಕೆ ತಕ್ಕದ್ದಾಗಿರಬೇಕಾದ್ದರಿಂದ ವ್ಯವಸ್ಥೆಯಿಂದಲೇ ಬರಬೇಕು. ಹೊಸ ಕಂಪೈಲರಿನಿಂದ ಕಟ್ಟಿದ ಆ ಡ್ರೈವರು, ಭಂಡಾರದಿಂದ ಮೊದಲೇ ಒಳಗೆ ಬಂದ ಹಳೆಯ ಸಿ ಪ್ಲಸ್ ಪ್ಲಸ್ ಲೈಬ್ರರಿಯೊಡನೆ ಹೊಂದಿಕೊಳ್ಳಲಾರದೆ ವಿಫಲವಾಗುತ್ತಿತ್ತು. ಆ ಹಳೆಯ ಕಡತವನ್ನು ಅಳಿಸಿದರೆ ಎಲ್ಲವೂ ಸರಿಹೋಗುತ್ತದೆಂಬ ಉಪಾಯ ಆಟಗಾರರ ಬಾಯಲ್ಲಿ ಬಹುಕಾಲ ಓಡಾಡಿತು. ಕ್ರಮೇಣ ಸ್ಟೀಮಿನವರು ಭಂಡಾರದ ಪ್ರತಿಯನ್ನೂ ವ್ಯವಸ್ಥೆಯ ಪ್ರತಿಯನ್ನೂ ಹೋಲಿಸಿ ಹೊಸದನ್ನು ಆರಿಸುವ ಏರ್ಪಾಡನ್ನು ಮಾಡಿದರು. ಎಲ್ಲವನ್ನೂ ಜೊತೆಗೇ ಕಟ್ಟಿಕೊಂಡು ಬರುವ ಪದ್ಧತಿಯ ಬಗ್ಗೆ ನನಗೊಂದು ಆಕ್ಷೇಪವೂ ಉಂಟು. ಹೀಗೆ ಒಳಗೆ ಬಂದ ಲೈಬ್ರರಿಗಳಿಗೆ ವ್ಯವಸ್ಥೆಯ ಭದ್ರತಾ ತಿದ್ದುಪಡಿಗಳು ತಲಪುವುದಿಲ್ಲ. ಒಡೆಯರು ಮರೆತರೆ ಅವನ್ನು ನೆನೆಯುವವರು ಬೇರೆ ಯಾರೂ ಇಲ್ಲ.

ಯಾವುದನ್ನು ಜೊತೆಗೆ ತರಬೇಕು, ಯಾವುದನ್ನು ವ್ಯವಸ್ಥೆಯಿಂದ ಪಡೆಯಬೇಕು ಎಂಬುದನ್ನು ಒಡೆಯರು ಆರಂಭದಲ್ಲಿಯೇ ವಿವೇಚಿಸಿದರೆ ನಿರ್ವಾಹಕರ ಶ್ರಮದಲ್ಲಿ ಮುಕ್ಕಾಲು ಭಾಗ ಉಳಿಯುತ್ತದೆ. ಆ ವಿವೇಚನೆಗೆ ಬರೆದಿಟ್ಟ ಮಾದರಿಯೊಂದು ಪೈಥಾನ್ ಭಾಷೆಯವರಲ್ಲಿದೆ. ಮೆನಿಲಿನಕ್ಸ್ ಎಂಬ ಹೆಸರಿನಲ್ಲಿ 2016ರಲ್ಲಿ ಅವರು ಒಪ್ಪಿಕೊಂಡ ನಿಯಮದಂತೆ, ಪ್ಯಾಕೇಜುಗಳನ್ನು ಆಗಲೇ ಹಳೆಯದಾಗಿದ್ದ ಸೆಂಟ್‌ಓಎಸ್ 5 ಎಂಬ ಲಿನಕ್ಸ್ ವ್ಯವಸ್ಥೆಯ ಮೇಲೆ ಕಟ್ಟಬೇಕಾಗಿತ್ತು. ಹಳೆಯದರ ಮೇಲೆ ಕಟ್ಟಿದ್ದು ಹೊಸದರ ಮೇಲೆ ನಡೆಯುತ್ತದಷ್ಟೆ. ವ್ಯವಸ್ಥೆಯಿಂದ ನಿರೀಕ್ಷಿಸಬಹುದಾದ ಲೈಬ್ರರಿಗಳ ಚಿಕ್ಕ ಪಟ್ಟಿಯೊಂದನ್ನು ಕೊಟ್ಟಿದ್ದಾರೆ. ಅದರಲ್ಲಿ ಇಲ್ಲದ್ದನ್ನೆಲ್ಲ ಜೊತೆಗೆ ತಂದು, ಇತರರ ಪ್ರತಿಗಳೊಡನೆ ಗೊಂದಲವಾಗದಂತೆ ಹೆಸರಿಗೆ ಒಂದು ಗುರುತನ್ನು ಸೇರಿಸಿ, ಒರಿಜಿನ್ ಸಂಕೇತದಿಂದ ದಾರಿಯನ್ನು ಬರೆಯಬೇಕು. ಆಡಿಟ್‌ವ್ಹೀಲ್ ಎಂಬ ಸಾಧನ ಇದನ್ನು ಪರೀಕ್ಷಿಸುತ್ತದೆ, ಮತ್ತು ಪ್ಯಾಚ್‌ಎಲ್ಫಿನ ನೆರವಿನಿಂದ ತಿದ್ದಿಯೂ ಕೊಡುತ್ತದೆ. ಪಟ್ಟಿಯೂ ಸ್ಥಾವರವಲ್ಲ. 2019ರಲ್ಲಿ ಫೆಡೋರಾ 30 ಗುಪ್ತಪದಗಳಿಗೆ ಸಂಬಂಧಿಸಿದ ಲಿಬ್‌ಕ್ರಿಪ್ಟ್ ಲೈಬ್ರರಿಯ ಕೊನೆಯ ಅಂಕಿಯನ್ನು 1ರಿಂದ 2ಕ್ಕೆ ಏರಿಸಿದ ಮೇಲೆ, ವ್ಯವಸ್ಥೆಯಲ್ಲಿ ಇದ್ದೇ ಇರುತ್ತದೆಂದು ಇನ್ನು ನಂಬುವಂತಿಲ್ಲವೆಂದು ಕಂಡು, ಮೆನಿಲಿನಕ್ಸಿನ 2010ರ ಹೆಸರಿನ ಎರಡನೆಯ ನಿಯಮದ ಪಟ್ಟಿಯಿಂದ ಅದನ್ನು ಹಿಂದಿನಿಂದ ಜಾರಿಗೆ ಬರುವಂತೆ ತೆಗೆದುಹಾಕಿ, ಅದು ಬೇಕಾದವರು ಇನ್ನು ಮುಂದೆ ಜೊತೆಗೇ ತರತಕ್ಕದ್ದೆಂದು ನಿರ್ಣಯಿಸಿದರು.